ಎರಡು ಸಲ ಮುಟ್ಟಿದ ಕಣ್ಣು

ಮಾಂತು ಕುಡಿತ ಬಿಟ್ಟಿದ್ದನ್ನು ಪುಣೆ ಹತ್ತಿರದ ದೇಹೂ ರೋಡಿನ ಕನ್ನಡ ಪ್ರಾರ್ಥನಾ ಸಭೆಯವರೆಲ್ಲ ಪವಾಡವೆಂದರು. ಅವನ ಹೆಂಡತಿ ನೀರಜಾ ಮಾತ್ರ ಕಾದು ನೋಡುತ್ತಿದ್ದಳು. ಕುಡಿದ ಅವನ ಕೈಯಿಂದ ಏಟು ತಿಂದು, ಮಗಳನ್ನು ಎತ್ತಿಕೊಂಡು ಹಡಪಸರದಲ್ಲಿದ್ದ ಅಕ್ಕನ ಒಂದೇ ಕೋಣೆಯ ಖೋಲಿ ಸೇರಿದವಳು ಅವಳು. ಒಮ್ಮೆ ಹಾವು ಕಂಡವಳಿಗೆ ಹಗ್ಗವೂ ಸರಿದಾಡುತ್ತದೆ.

ಅವನು ರಜೆ ಸಿಕ್ಕಾಗ ಮಗಳನ್ನು ನೋಡಲು ಬರುತ್ತಿದ್ದ. ಹಿಂಜವಾಡಿಯಲ್ಲಿ ಕಂಪನಿ ಕ್ಯಾಬ್ ಓಡಿಸುವ ಕೆಲಸ ಮತ್ತೆ ಸಿಕ್ಕಿತ್ತು. ಅಕ್ಕ ಶೈಲಶ್ರೀ ಅವನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ವಠಾರದಂಥ ಆ ಚಾಳದ ಮೆಟ್ಟಿಲ ಮೇಲೆ ಕೂತು ಅವನು ಮಗಳನ್ನು ಆಡಿಸುವಾಗ, ನೀರಜಾ ನೀರು ಕೊಡುವ ನೆಪದಲ್ಲಿ ಬಗ್ಗಿ ಅವನ ಉಸಿರು ಮೂಸುತ್ತಿದ್ದಳು. ಒಮ್ಮೆ ಮಗಳ ಚಪ್ಪಲಿ ಹುಡುಕುವವಳಂತೆ ಕ್ಯಾಬಿನ ಸೀಟಿನ ಕೆಳಗೂ ಕೈಯಾಡಿಸಿದಳು. ಬಾಟಲಿ ಇರಲಿಲ್ಲ, ಲವಂಗದ ಪೊಟ್ಟಣ ಇತ್ತು. ಕೇಳಿದ್ದಕ್ಕೆ ಹಲ್ಲುನೋವು ಎಂದ. ಇದ್ದೀತು. ಬಾಯಿಯ ವಾಸನೆ ಮುಚ್ಚಲು ಲವಂಗ ಜಗಿಯುವವರನ್ನೂ ಅವಳು ಕಂಡಿದ್ದಳು.

ಒಂದು ದಿನ ಪಾಸ್ಟರ್ ಮಹೇಶಕುಮಾರ ತಾವೇ ಹಡಪಸರಕ್ಕೆ ಬಂದರು. ಬರುವ ಭಾನುವಾರ ಮಾಂತು ಸಭೆಯ ಮುಂದೆ ದೇವರು ತನ್ನ ಕುಡಿತ ಬಿಡಿಸಿದ ಸಾಕ್ಷಿ ಹೇಳುತ್ತಾನೆ, ಪಕ್ಕದಲ್ಲಿ ನೀರಜಾ ನಿಂತು ಹೌದೆಂದರೆ ನೂರು ಮನೆಗೆ ಧೈರ್ಯ ಬರುತ್ತದೆ, ಆಮೇಲೆ ಇಬ್ಬರೂ ಅಲ್ಲಿಂದಲೇ ತಮ್ಮ ಮನೆಗೆ ಹೋಗಲಿ ಎಂದರು. ಹೌದೆಂದರೆ ಹಿಂದಿರುಗಿದಂತೆಯೇ ಎಂಬುದು ನೀರಜಾಗೆ ತಿಳಿಯಿತು. ಆ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಮೇಲೆ ಪಾಸ್ಟರೂ ಇರುವುದಿಲ್ಲ, ಅಕ್ಕನೂ ಇರುವುದಿಲ್ಲ.

ಶೈಲಶ್ರೀ ಚಹಾದ ಕಪ್ಪು ಇಡುತ್ತ ಚುಚ್ಚಿದಳು. "ನೀರನ್ನ ವೈನ್ ಮಾಡಿದವ್ರಲ್ರಿ ನಿಮ್ಮ ದೇವ್ರು? ನಮ್ಮ ಮಾಂತು ಅದನ್ನ ಕೇಳೇ ನಿಮ್ಮ ಕಡೆ ಬಂದಿರಬೇಕು."

ಪಾಸ್ಟರ್ ನಕ್ಕುಬಿಟ್ಟರು. ನೀರಜಾ ಮಾತ್ರ ಬಾಗಿಲ ಕಡೆ ನೋಡುತ್ತ, ಯೇಸು ಅಷ್ಟೆಲ್ಲ ಪವಾಡ ಮಾಡಿದ್ದಾದರೂ ಯಾಕೆ ಎಂದು ಮೆಲ್ಲಗೆ ಕೇಳಿದಳು.

"ಅವು ಸೂಚನೆ, ತಂಗಿ. ರಸ್ತಾದಾಗಿನ ಬೋರ್ಡ್ ಇದ್ಹಂಗ. ಪುಣೆ ಅಂತ ಬರ್ದಿರೋ ಬೋರ್ಡ ಪುಣೆ ಅಲ್ಲ. ದಾರಿ ತೋರಸ್ತದ, ಅಷ್ಟ."

ಹಿಂಜವಾಡಿಯ ಹೊಸ ಫ್ಲ್ಯಾಟುಗಳ ಬೋರ್ಡಿನಲ್ಲೂ ಐದೇ ನಿಮಿಷದ ದಾರಿ ಎಂದು ಸುಳ್ಳು ಬರೆದಿರುತ್ತದೆ ಎಂದು ನೀರಜಾ ಮನಸ್ಸಿನಲ್ಲೇ ಅಂದುಕೊಂಡಳು. ಬರುತ್ತೇನೆ ಎಂದಳು. ಮಾತಾಡುತ್ತೇನೆ ಎನ್ನಲಿಲ್ಲ.

ಭಾನುವಾರ ನೀರಜಾ ಮಗಳೊಂದಿಗೆ ಬಂದಾಗ ತಗಡಿನ ಸೂರಿನ ಹಾಲ್ ತುಂಬಿತ್ತು. ಪಾಸ್ಟರ್ ಸುವಾರ್ತೆಯಿಂದ ಬೇತ್ಸಾಯಿದದ ಕುರುಡನ ಕಥೆ ಓದಿದರು. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದೊಯ್ದು ಕಣ್ಣಿಗೆ ಉಗುಳು ಹಚ್ಚಿದ, ಏನಾದರೂ ಕಾಣುತ್ತದೆಯೇ ಎಂದು ಕೇಳಿದ. ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ, ಎಂದ ಕುರುಡ. ಯೇಸು ಇನ್ನೊಮ್ಮೆ ಮುಟ್ಟಿದ ಮೇಲೆಯೇ ಎಲ್ಲ ತಿಳಿಯಾಗಿ ಕಂಡಿತು. ಊರೊಳಗೆ ಹೋಗಬೇಡ ಎಂದು ಹೇಳಿ ಅವನನ್ನು ಮನೆಗೆ ಕಳಿಸಿದ.

ಊರ ಹೊರಗೆ ಗುಟ್ಟಾಗಿ ಮಾಡಿದ್ದಕ್ಕೆ ಇಲ್ಲಿ ಮೈಕು ಯಾಕೆ ಎಂಬ ಸಂಶಯ ನೀರಜಾಗೆ ಬಂತು. ಆದರೆ ಅವಳ ಮನಸ್ಸು ಹಿಡಿದು ನಿಲ್ಲಿಸಿದ್ದು ಕುರುಡನ ಉತ್ತರ. ಬೇರೆ ಯಾರಾದರೂ ಆಗಿದ್ದರೆ ಗುಣಪಡಿಸಿದವನ ಮುಖ ನೋಡಿ, ಎಲ್ಲ ಕಾಣುತ್ತದೆ ಸ್ವಾಮಿ ಎಂದುಬಿಡುತ್ತಿದ್ದರು. ಇವನು ಕಂಡಷ್ಟನ್ನೇ ಹೇಳಿದ. ಅವನನ್ನು ಯಾರೂ ಬೈಯಲಿಲ್ಲ.

ಮಾಂತು ವೇದಿಕೆಯ ಮೇಲೆ ತನ್ನ ಕುಡಿತದ ಕಥೆಯನ್ನೆಲ್ಲ ಹೇಳಿದ. ಹೆಂಡತಿಗೆ ಹೊಡೆದದ್ದನ್ನು ಹೇಳಲಿಲ್ಲ. ಜನ ದೇವರಿಗೆ ಸ್ತೋತ್ರ ಎಂದು ಕೂಗಿದರು. ಮೈಕು ನೀರಜಾಳ ಕೈಗೆ ಬಂತು. ಅವಳು ನೆಲ ನೋಡುತ್ತ ಹೇಳಿದಳು.

"ಇವರ ಬಾಯಾಗ ವಾಸನಿ ಇಲ್ರಿ. ಅದು ಖರೆ. ಆದ್ರ ಇವರು ನನಗ ಹೊಡಿತಿದ್ರು. ಆ ಕೈ ಬದಲಾಗೇದೋ ಇಲ್ಲೋ ನನಗ ಗೊತ್ತಿಲ್ಲ. ಇವರಿನ್ನೂ ನನಗ ಮರದಂಗ ಕಾಣತಾರ. ಇಷ್ಟ ನನ್ನ ಸಾಕ್ಷಿ."

ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರ್ ಮೈಕು ಇಸಿದುಕೊಂಡು ಮುಂದಿನವರ ಹೆಸರು ಕರೆದರು.

ಹೊರಗೆ ಕ್ಯಾಬಿನ ಹತ್ತಿರ ಬಂದಾಗ ನೀರಜಾ ಮಗಳನ್ನು ತನ್ನ ಹಿಂದೆ ನಿಲ್ಲಿಸಿಕೊಂಡಳು. ಇಡೀ ಸಭೆಯ ಎದುರು ಅವನ ಮಾನ ತೆಗೆದಿದ್ದಳು. ಹಿಂದೆ ಏಟು ಬೀಳಲು ಸಾರಿನಲ್ಲಿ ಉಪ್ಪು ಕಡಿಮೆಯಾದರೂ ಸಾಕಿತ್ತು. ಅವಳು ಅವನ ಮುಖ ನೋಡಲಿಲ್ಲ, ಬಲಗೈಯನ್ನೇ ನೋಡಿದಳು. ಅದು ಮುಷ್ಟಿಯಾಯಿತು. ಗೆಣ್ಣು ಬೆಳ್ಳಗಾದವು. ಕೈ ಮೇಲೆದ್ದು ಕ್ಯಾಬಿನ ಸೂರಿನ ಮೇಲೆ ಕೂತು, ಅಲ್ಲೇ ಬಹಳ ಹೊತ್ತು ಉಳಿಯಿತು. ಆಮೇಲೆ ಬೆರಳು ಬಿಚ್ಚಿಕೊಂಡವು.

"ನೀವು ಬರ್ತೀರಿ ಅಂತ ಮನಿ ತೊಳದಿಟ್ಟಿದ್ದೆ," ಎಂದ ಮಾಂತು. ದನಿ ಒರಟಾಗಿತ್ತು. "ಇರ್ಲಿ. ನಡಿ, ಹಡಪಸರಕ್ಕ ಬಿಡ್ತೀನಿ."

ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ, ಬಾಗಿಲ ಹಿಡಿಕೆಗೆ ಕೈ ತಾಗಿಸಿಕೊಂಡೇ ಕೂತಿದ್ದಳು. ಚಾಳದ ಮುಂದೆ ಇಳಿದು, ಮಗಳನ್ನು ಮುಂದೆ ಕಳಿಸಿ, ಕಿಟಕಿಯ ಹತ್ತಿರ ನಿಂತಳು.

"ಬುಧವಾರ ಊಟಕ್ಕ ಬರ್ರಿ, ಒಳಗ. ಅಕ್ಕ ಬೈತಾಳ. ಬೈಸ್ಕೊರಿ."