ಮಡಿಲ ಕಾಯಿ

ಚಿತ್ತಣ್ಣ ನೀರು ತೋರಿಸುವವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲಿ ನಡೆಯುತ್ತಾನೆ. ನೆಲದಡಿ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ನಮ್ಮ ತೋಟದ ಮೂಲೆಯಲ್ಲಿ ಅದು ಎದ್ದ ರಭಸಕ್ಕೆ ಅವನೇ ಬೆಚ್ಚಿ ಕೈ ಕೊಡವಿದ.

"ಬ್ಯಾಡ ಕಣವ್ವ, ಇದು ನೀರಿನ ಎಳೆತ ಅಲ್ಲ. ಕೆಳಗೆ ಬ್ಯಾರೆ ಏನೋ ಐತೆ."

ನನ್ನ ಯಜಮಾನರು ವೀರಭದ್ರಯ್ಯ ಯಾರ ಮಾತು ಕೇಳಿದವರು? ಬೋರು ಕೊರೆಸಿದರು. ನೀರು ಉಕ್ಕಿತು. ಮೊದಲ ಚೊಂಬು ಅವರೇ ಕುಡಿದರು; ಹೆದರಿದ ನಾನು ಮುಟ್ಟಲಿಲ್ಲ.

ವರ್ಷ ತುಂಬುವುದರೊಳಗೆ ಅವರ ಮಾತು ನಿಂತಿತು. ಸಂಜೆಯಾದರೆ ತೋಟದಲ್ಲಿ ನೆಟ್ಟಗೆ ನಿಂತು ಮುಗಿಲು ನೋಡುತ್ತಾರೆ. ನಮ್ಮ ತೊಟ್ಟಿಯಲ್ಲಿ ನೀರು ಕುಡಿದ ಚಿತ್ತಣ್ಣನ ಕುರಿಗಳೂ ಹಾಗೆಯೇ ಕತ್ತೆತ್ತಿ ನಿಲ್ಲುತ್ತವೆ. ಎಲ್ಲರೂ ನೋಡುವ ಮುಗಿಲಿನ ಆ ಜಾಗದಲ್ಲಿ ಚುಕ್ಕಿ ಮೂಡುವುದಿಲ್ಲ. ಅದು ದಿನದಿನಕ್ಕೆ ಅಗಲವಾಗುತ್ತಿದೆ.

ಚಿತ್ತಣ್ಣ ಕಾಯಿ ಹಿಡಿದು ಯಜಮಾನರ ಹತ್ತಿರ ಹೋದ. ಕಾಯಿ ಎದ್ದಿತು. ದೂರ ಬಂದ, ಮಲಗಿತು.

"ಕೆಳಗಿದ್ದದ್ದು ಈಗ ಯಜಮಾನ್ರ ಒಳಗೈತೆ. ಮೇಲಿಂದ ಬರೋದನ್ನ ಕಾಯ್ತಾ ಐತೆ ಕಣವ್ವ."

ಇಂಥ ಹೊತ್ತಲ್ಲಿ ಮಗಳು ಭಾನುಪ್ರಿಯಾ ಚೊಚ್ಚಲ ಹೆರಿಗೆಗೆ ಬಂದಳು. ಬೇಡವೆಂದರೂ ಬಂದಳು, ಅಪ್ಪನ ಹಟವೇ ಅವಳದೂ. "ಆ ನೀರು ಮುಟ್ಟಿದ್ರೆ ಕಾಲು ಮುರೀತೀನಿ ಕಣೇ!" ಎಂದು ಬೈದೆ. ಅಡುಗೆಗೂ ಶೆಟ್ಟಿಕೆರೆಯಿಂದ ಕ್ಯಾನ್ ನೀರು ತರಿಸಿದೆ. ಬಾಯಾರಿಕೆ ಎಂದರೆ ಮರದಿಂದ ಆಗಷ್ಟೇ ಇಳಿಸಿದ ಎಳನೀರು ಕೊಚ್ಚಿ ಕೊಟ್ಟೆ. ಬಸುರಿಗೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಯಜಮಾನರು ಹೋದರೂ ಸರಿ, ಮಗಳೂ ಮೊಮ್ಮಗುವೂ ಉಳಿಯಲಿ ಎಂದು ಮನಸ್ಸು ಕಲ್ಲು ಮಾಡಿಕೊಂಡಿದ್ದೆ.

ಅವರು ಊಟಕ್ಕೂ ಬಾರದೆ ತೋಟದಲ್ಲೇ ನಿಂತುಬಿಟ್ಟ ದಿನ ನನ್ನ ಧೈರ್ಯ ಸೋತಿತು. ಮಗಳನ್ನು ಗಂಡನ ಮನೆಗೆ ಹೊರಡಿಸಿದೆ. ಬಾಗಿಲಲ್ಲಿ ಕಾರು ಕಾಯುತ್ತಿತ್ತು. ಬರಿಮಡಿಲಲ್ಲಿ ಕಳಿಸುವುದುಂಟೆ? ಮಣೆ ಮೇಲೆ ಕೂರಿಸಿ ಕುಂಕುಮವಿಟ್ಟೆ. ಸೆರಗಿಗೆ ಅಕ್ಕಿ ಸುರಿದು, ಎಲೆ ಅಡಿಕೆ, ರವಿಕೆ ಕಣ ಇಟ್ಟು, ಮೇಲೆ ಕಾಯಿ ಮಲಗಿಸಿದೆ.

ಕಾಯಿ ಎದ್ದು ನಿಂತಿತು.

"ಆ ನೀರು ಕುಡುದ್ಯೇನೇ?" ಕಿರುಚಿದೆ.

"ಇಲ್ಲ ಕಣಮ್ಮ, ನಿನ್ನಾಣೆ! ಕ್ಯಾನ್ ನೀರು, ನೀನು ಕೊಟ್ಟ ಎಳ್ನೀರು, ಅಷ್ಟೇಯ."

ಅಯ್ಯೋ ಶಿವನೇ! ತೋಟದ ಆ ಮರಗಳು ವರ್ಷವಿಡೀ ಕುಡಿದದ್ದು ಬೋರಿನ ನೀರನ್ನೇ. ದಿನವೂ ಎಳನೀರು ಕೊಚ್ಚಿ ಬಾಯಿಗಿಟ್ಟ ಕೈ ನನ್ನದು.

ಭಾನು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಇಲ್ನೋಡು, ಮಗು ತಿರುಗ್ತಾ ಐತೆ."

ಆಮೇಲೆ ನಗು ನಿಲ್ಲಿಸಿ, ನಿಧಾನವಾಗಿ ಕತ್ತೆತ್ತಿ ಮೇಲೆ ನೋಡತೊಡಗಿದಳು.