ಕೌದಿಯ ನಾಲ್ಕನೆಯ ಮೂಲೆ

ಆಟೋದವನ ಕಾಲರಿನ ಮೇಲೆ ಒಂದು ಇರುವೆ, ಸಣ್ಣದು, ಕೆಂಪನೆಯದು, ಹೊಲಿಗೆಯ ಗೆರೆ ಹಿಡಿದು ಕುತ್ತಿಗೆಯ ಕಡೆಗೆ ಹೊರಟಿದೆ, ನನ್ನ ಚೀಲದಿಂದಲೇ ಹತ್ತಿರಬೇಕು, ಬೇರೆಲ್ಲಿಂದ ಬಂದೀತು, ಕೈ ಚಾಚಿ ತೆಗೆಯೋಣವೆಂದರೆ ಯಾರದೋ ಕುತ್ತಿಗೆ, ಹೇಳೋಣವೆಂದರೆ ಏನೆಂದು ಹೇಳುವುದು, ಅಣ್ಣಾ, ನಿಮ್ಮ ಮೈ ಹತ್ತಿರುವುದು ನನ್ನ ಇರುವೆ ಎಂದೇ — ಹೇಳಲಿಲ್ಲ, ಬೆಳಗಿನಿಂದ ಯಾರಿಗೂ ಏನೂ ಹೇಳಿಲ್ಲ, ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ. ಅವನು ಕತ್ತು ಕೆರೆದುಕೊಂಡ, ನಾನು ಹೊರಗೆ ನೋಡಿದೆ, ಮಳೆ ನಿಂತ ಮದ್ರಾಸಿನ ರಸ್ತೆ, ಮೆಟ್ರೋ ಕಂಬಗಳ ಬುಡದಲ್ಲಿ ಕೆಸರು, ಪೋರೂರಿನ ಕೆರೆ ಯಾವಾಗ ಹಿಂದೆ ಹೋಯಿತೋ ಗೊತ್ತಾಗಲಿಲ್ಲ. ತೊಡೆಯ ಮೇಲೆ ಜವಳಿ ಅಂಗಡಿಯ ದೊಡ್ಡ ಚೀಲ, ಅದರೊಳಗೆ ಕೌದಿ, ಮೊಮ್ಮಗಳು ವೀಕ್ಷಾಳಿಗೆಂದು ನಾನೇ ಕೈಯಾರೆ ಹೊಲಿದದ್ದು, ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಬೀಗರೆಲ್ಲರ ಮುಂದೆ ಬಿಡಿಸಿ ತೋರಿಸಿ ಕೊಟ್ಟದ್ದು, ಈಗ ಒಗೆದು ತರುತ್ತೇನೆ ಎಂದು ಸುತ್ತಿಕೊಂಡು ಹೊರಟದ್ದು — ಒಗೆಯುವುದು ಎಲ್ಲಿಯ ಮಾತು, ಅದೊಂದು ನೆವ, ಹೆತ್ತ ಮಗಳನ್ನು ಅವಳ ಅತ್ತೆಯೆದುರು ಬಿಟ್ಟು ಓಡಿಬಂದೆ ಎನ್ನುವುದೇ ಸರಿ.

ಕೂಸಿನ ಆ ಕಿವಿ. ಕಿವಿಯ ಹಾಲೆಯ ಹಿಂದೆ ಕೆಂಪಗೆ ಊದಿದ ಚುಕ್ಕೆಗಳು, ಎಷ್ಟು ಎಳೆಯ ಕಿವಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ಬಾಣಂತಿಗೆಂದು ಅಂಟಿನುಂಡೆಯ ಡಬ್ಬಿ ಹಿಡಿದು ಬೆಳಿಗ್ಗೆ ಆಗಷ್ಟೇ ಬೀಗರ ಮನೆಯೊಳಗೆ ಕಾಲಿಟ್ಟಿದ್ದೆ, ಕೋಣೆಯಿಂದ ಕೂಸಿನ ಅಳು, ಹಸಿವಿನ ಅಳುವಲ್ಲ, ಚೀರಾಟ, ಬೀಗಿತ್ತಿ ವಿಮಲಾ ಓಡಿದರು, ಅವರ ಹಿಂದೆ ನಾನು, ನೋಡಿದರೆ ಮಗಳು ಮಧುರಾ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಾಳೆ, ಹಾಸಿಗೆಯ ಮೇಲೆ ಇರುವೆಯ ಸಾಲು, ಗೋಡೆ ಇಳಿದು, ಮಂಚದ ಕಾಲು ಹತ್ತಿ, ದಿಂಬನ್ನು ಬಳಸಿಕೊಂಡು ಹೋಗುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ನೋಡಲಿಲ್ಲ, ನಾನು ನೋಡಿದೆ. ವಿಮಲಾ ನೋಡಿದ್ದು ದಿಂಬಿನ ಪಕ್ಕದ ರಸ್ಕಿನ ಪ್ಯಾಕೆಟ್ಟನ್ನು. ಹಾಲೂಡಿಸಿ ಹಸಿವಾದಾಗ ತಿನ್ನಲು ಮಧುರಾ ಇಟ್ಟುಕೊಂಡದ್ದು ಅದು, ಇಷ್ಟು ದಿನ ಅದಕ್ಕೆ ಒಂದು ಇರುವೆಯೂ ಬಂದಿರಲಿಲ್ಲ. ಕಟ್ಟಿಲ್ ಮೇಲ ಸಾಪ್ಪಿಡಾದೇನ್ನು ಸೊನ್ನೇನಾ ಇಲ್ಲೈಯಾ, ವಿಮಲಾ ಅಂದರು, ಕೂಗಲಿಲ್ಲ, ಅವರು ಕೂಗುವವರಲ್ಲ, ಮಂಚದ ಮೇಲೆ ತಿನ್ನಬೇಡ ಅಂದಿದ್ದೆನೋ ಇಲ್ಲವೋ, ಕಿವಿಯೊಳಗೆ ಹೋಗಿದ್ದರೆ ಏನು ಗತಿ, ತಾಯಾದವಳಿಗೆ ಇಷ್ಟೂ ಗಮನ ಬೇಡವಾ — ತಾಯಾದವಳಿಗೆ ಇಷ್ಟೂ ಗಮನ ಬೇಡವಾ, ಆ ಮಾತು ಬರಬೇಕಾದದ್ದು ನನ್ನ ಪಾಲಿಗೆ, ಬಿದ್ದದ್ದು ಮಧುರಾಳ ತಲೆಯ ಮೇಲೆ. ಸಾರಿ ಅತ್ತೆ, ಇನಿಮೇ ಸಾಪ್ಪಿಡ ಮಾಟ್ಟೇನ್ ಅಂದಳು ಅವಳು, ಇನ್ನು ತಿನ್ನುವುದಿಲ್ಲ, ಸಣ್ಣ ಮಗುವಿನ ಹಾಗೆ, ನನ್ನ ಕಡೆ ನೋಡಲಿಲ್ಲ, ಬಗ್ಗಿ ಒಂದೇ ಕೈಯಲ್ಲಿ ಕೌದಿಯನ್ನು ಎಳೆದು ಮಡಚಿದಳು, ಮಡಚುವಾಗ ಹೆಬ್ಬೆರಳಿನಿಂದ ಅದರ ಒಂದು ಮೂಲೆಯನ್ನು ಒಳಗೆ ತುರುಕಿ ಅದುಮಿದಳು. ವಿಮಲಾ ನನ್ನ ಕಡೆ ತಿರುಗಿ, ನೀಂಗ ಉಕ್ಕಾರುಂಗೊ, ಕಾಪಿ ಪೋಡಟ್ಟುಮಾ ಅಂದರು, ನೀವು ಕೂತ್ಕೊಳ್ಳಿ, ಕಾಫಿ ಮಾಡಲಾ. ಕೂತೆ. ಮಗಳ ಕಣ್ಣಲ್ಲಿ ನೀರಿತ್ತು, ನಾನು ಕಾಫಿ ಕುಡಿದೆ, ಸಕ್ಕರೆ ಸಾಕಾ ಎಂದು ಕೇಳಿದರೆ ಸಾಕು ಎಂದೂ ಹೇಳಿದೆ.

ಹಸದ ಕೌದಿ ಯಾರಿಗೂ ಕೊಡಬಾರದವಾ, ಅವ್ವನ ದನಿ, ಗದಗಿನ ಮನೆಯ ಪಡಸಾಲೆ, ಕಾಲು ಚಾಚಿ ಕೂತು ಹಳೆಯ ಇಳಕಲ್ ಸೀರೆಯ ಮೇಲೆ ತುಂಡು ಬಟ್ಟೆ ಹಚ್ಚುತ್ತ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ, ಹಸದ ಕೌದಿ ಹೊದ್ದವರ ಹೊಟ್ಟಿ ಎಂದೂ ತುಂಬೂದಿಲ್ಲ. ಮೂರು ಮೂಲೆ ಹೊಲಿದು ಮುಗಿದ ಮೇಲೆ ನಾಲ್ಕನೆಯದನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು, ಕೌದಿಗೆ ಉಣಿಸಿದ ಶಾಸ್ತ್ರ, ಕಡಕ್ ಜೋಳದ ರೊಟ್ಟಿ, ಆ ಬಿಸಿಲಿಗೆ ಒಣಗಿ ಹಂಚಿನ ಚೂರಿನಂತಾದದ್ದು, ಅದಕ್ಕೆ ಯಾವ ಇರುವೆ ಬಂದೀತು, ಒಗೆದು ಒಗೆದು ಕೊನೆಗೆ ಹಿಟ್ಟಾಗಿ ತಾನೇ ಹೋಗುತ್ತಿತ್ತು. ನಾನು ಇಟ್ಟದ್ದು ಹೋಳಿಗೆ. ರೊಟ್ಟಿ ಬಡಿಯುವುದು ಬಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಮನೆಯವರ ಹಲ್ಲಿಗೆ ಆಗದು, ಆದರೆ ಹೋಳಿಗೆ ಇಟ್ಟದ್ದು ರೊಟ್ಟಿ ಇರಲಿಲ್ಲವೆಂದಲ್ಲ, ಯಾಕೆ ಸುಳ್ಳು, ಇಲ್ಲಿ ಯಾರು ಕೇಳುತ್ತಿದ್ದಾರೆ. ಮೊಮ್ಮಗಳ ಕೌದಿ ಸಿಹಿ ಉಣ್ಣಲಿ ಎಂಬ ಆಸೆ, ಆಸೆಯ ಜೊತೆಗೆ ಜಂಬ. ಬಾಣಂತನ ತವರಿನಲ್ಲಿ ಆಗಬೇಕಿತ್ತು, ಬೆಸೆಂಟ್ ನಗರದ ನಮ್ಮ ಮನೆ ಮೂರನೇ ಮಹಡಿ, ಲಿಫ್ಟಿಲ್ಲ, ಅವಳಿಗೆ ಹೊಟ್ಟೆ ಕೊಯ್ದ ಹೆರಿಗೆ, ಆಸ್ಪತ್ರೆಯಿಂದ ಪೋರೂರಿನ ಅವರ ಮನೆ ಕೂಗಳತೆ, ಇಂಗೇಯೇ ಇರುಕ್ಕಟ್ಟುಂ ಅಂದರು ವಿಮಲಾ, ಇಲ್ಲೇ ಇರಲಿ, ಒಳ್ಳೆಯ ಮನಸ್ಸಿನಿಂದಲೇ ಅಂದರು, ಎಣ್ಣೆ ನೀರು ಹಾಕಿದವರು ಅವರು, ಸಾಂಬ್ರಾಣಿ ಹೊಗೆ ಹಾಕಿದವರು ಅವರು, ನಾನು ಡಬ್ಬಿ ಹಿಡಿದು ಬಂದು ಹೋಗುವ ನೆಂಟಳು. ಇನ್ನು ನನಗೆ ಉಳಿದದ್ದು ಕೌದಿ ಒಂದೇ. ಅವ್ವನ ಸೀರೆ, ನನ್ನ ಸೀರೆ, ಇವರ ಪಂಚೆ, ಮಧುರಾಳ ಶಾಲೆಯ ಯೂನಿಫಾರ್ಮಿನ ನೀಲಿ, ಎಲ್ಲ ಸೇರಿಸಿ ಹೊಲಿದೆ, ವಿಮಲಾ ತಂದ ಆನೆಮರಿ ಚಿತ್ರದ ಅಂಗಡಿ ಹೊದಿಕೆ ಇದರ ಮುಂದೆ ಎಷ್ಟರದು ಎಂದು ಪ್ರತಿ ಹೊಲಿಗೆಗೂ ಅಂದುಕೊಂಡೆ, ಕೊನೆಗೆ ಸಮಾರಂಭಕ್ಕೆ ಮಾಡಿದ ಬೇಳೆ ಹೋಳಿಗೆಯ ಅಂಚು ಮುರಿದು, ತುಪ್ಪ ಒರೆಸಿ — ತುಪ್ಪ ಒರೆಸಿದ್ದೆ, ಅಷ್ಟು ಬುದ್ಧಿ ಇತ್ತು — ನಾಲ್ಕನೆಯ ಮೂಲೆಯಲ್ಲಿಟ್ಟು ಹೊಲಿದುಬಿಟ್ಟೆ. ಇವರು ಪೇಪರಿನ ಹಿಂದಿನಿಂದ ಅಂದಿದ್ದರು, ಏ ಜಲಜಾ, ಇದು ಗದಗ ಅಲ್ಲ, ಮದ್ರಾಸು, ಇಲ್ಲೆ ಡಬ್ಬ್ಯಾಗಿನ ಉಪ್ಪೂ ನೀರಾಗ್ತದ. ನಿಮಗೇನ ಗೊತ್ತಾಗ್ತದ ಸುಮ್ಮನಿರ್ರಿ ಅಂದಿದ್ದೆ. ರೈಲ್ವೆಯಲ್ಲಿ ಜೀವ ತೇಯ್ದ ಇವರಿಗೆ, ಕಮಲಾಕರರಿಗೆ, ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮನೆಗೆ ಹೋಗಿ ಮೂಲೆ ಬಿಚ್ಚುವುದು, ಹೋಳಿಗೆ ತೆಗೆದು ಎಸೆಯುವುದು, ಬಿಸಿನೀರಿನಲ್ಲಿ ನೆನೆಸಿ ಒಗೆದು, ಬಿಸಿಲು ಬಂದ ದಿನ ಒಣಗಿಸಿ ತಂದು ಕೊಡುವುದು, ಯಾರಿಗೂ ಗೊತ್ತಾಗುವುದಿಲ್ಲ, ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅಂತಾರೆ, ಆಡುವವರೇ ಇಲ್ಲದಿದ್ದರೆ — ಇದೆಂಥ ಲೆಕ್ಕಾಚಾರ, ಥೂ. ಗಿಂಡಿ ಸ್ಟೇಷನ್ನು ಹತ್ತಿರವಾಯಿತು, ಸಿಗ್ನಲ್ಲು, ಬಸ್ಸಿನ ಹೊಗೆ, ಇರುವೆ ಈಗ ಕಾಲರಿನ ಮೇಲಿಲ್ಲ. ವಿಮಲಾ ಇಷ್ಟು ಹೊತ್ತಿಗೆ ಮಗನಿಗೆ ಫೋನು ಮಾಡಿರುತ್ತಾರೆ, ಅಳಿಯ ವಿಘ್ನೇಶ್ ಸಂಜೆ ಆಫೀಸಿನಿಂದ ಬಂದು ಏನಾಯ್ತು ಎನ್ನುತ್ತಾನೆ, ಅವನ ತಂಗಿ ಶಾಲಿನಿ ಬಂದಾಗ ಅವಳಿಗೂ ಹೇಳುತ್ತಾರೆ, ಕೂಸಿನ ಕಿವಿಗೆ ಇರುವೆ ಹತ್ತಿಸಿದ ತಾಯಿ, ಮಂಚದ ಮೇಲೆ ತಿಂದವಳು, ವೀಕ್ಷಾಳ ಮದುವೆಯ ತನಕ ಹೇಳುತ್ತಾರೆ, ಮನೆಮಂದಿಯ ತಮಾಷೆಯಾಗಿ ಹೇಳುತ್ತಾರೆ, ಮಧುರಾ ನಕ್ಕು ತಲೆ ತಗ್ಗಿಸುತ್ತಾಳೆ, ರಸ್ಕನ್ನೂ ತಿನ್ನದೆ ಹಸಿದುಕೊಂಡು ಹಾಲೂಡಿಸುತ್ತಾಳೆ. ಹಸಿದವಳು ಈಗ ಯಾರು, ಕೌದಿಯಲ್ಲ. ಆದರೂ ಒಂದು ಸಮಾಧಾನ, ಅವಳಿಗೆ ಗೊತ್ತಿಲ್ಲ, ತನ್ನದೇ ತಪ್ಪು ಎಂದುಕೊಂಡಿದ್ದಾಳೆ, ಇಲ್ಲಿ ಓದಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು, ಕೌದಿಗೆ ಉಣಿಸುವ ಶಾಸ್ತ್ರವೆಲ್ಲ ಅವಳಿಗೆ ಎಲ್ಲಿಯದು — ಕೌದಿಕ್ಕು ಪಸಿಕ್ಕುಮಾ ಅಮ್ಮಾ.

ಕೌದಿಕ್ಕು ಪಸಿಕ್ಕುಮಾ ಅಮ್ಮಾ, ಕೌದಿಗೆ ಹಸಿವಾಗುತ್ತದಾ, ಯಾರು ಕೇಳಿದ್ದು ಅದನ್ನು, ಮುಂದಿನ ಹಲ್ಲು ಬಿದ್ದ ಬಾಯಿ, ಎರಡು ಜಡೆ, ರೈಲ್ವೆ ಕ್ವಾರ್ಟರ್ಸಿನ ನೆಲದ ಮೇಲೆ ನನ್ನ ಮಂಡಿಗೆ ಮಂಡಿ ತಾಗಿಸಿ ಕೂತು, ಅವಳ ಕೌದಿಯೇ ಅದು, ಊರಿನಿಂದ ಅವ್ವ ಕಳಿಸಿದ ರೊಟ್ಟಿ ಆಗ ಮನೆಯಲ್ಲಿರುತ್ತಿತ್ತು, ಚೂರು ಅವಳ ಕೈಗೆ ಕೊಟ್ಟೆ, ನೀನ ಇಡು ಮಧೂ, ಅರ್ಧ ತಾನು ಕಡಿದು ತಿಂದು ಉಳಿದದ್ದನ್ನು ನಾಲ್ಕನೆಯ ಮೂಲೆಯೊಳಗೆ ಹೆಬ್ಬೆರಳಿನಿಂದ ತುರುಕಿದಳು, ತುರುಕಿ ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡಳು, ಹೆಬ್ಬಟ್ಟ ತಗಿ, ಇಲ್ಲಾಂದ್ರ ಅದನ್ನೂ ಸೇರಿಸಿ ಹೊಲದ ಬಿಡತೇನಿ ನೋಡು ಅಂದರೆ ಕಿಲಕಿಲ ನಕ್ಕಳೇ ಹೊರತು ತೆಗೆಯಲಿಲ್ಲ. ಬೆಳಿಗ್ಗೆ ಮಡಚಿದಳಲ್ಲ. ನಾಲ್ಕು ಮೂಲೆಗಳಲ್ಲಿ ಅದೊಂದನ್ನೇ ಒಳಗೆ ತುರುಕಿ ಅದುಮಿದಳಲ್ಲ, ವಿಮಲಾ ಬೈಯುತ್ತಿರುವಾಗ, ಸಾರಿ ಅತ್ತೆ ಅನ್ನುತ್ತಿರುವಾಗ. ಗೊತ್ತಿತ್ತು ಅವಳಿಗೆ. ಇರುವೆ ಎಲ್ಲಿಗೆ ಹೋಗುತ್ತಿದೆ ಎಂದು ಅವಳೂ ನೋಡಿದ್ದಳು, ನನಗಿಂತ ಮೊದಲೇ ನೋಡಿದ್ದಳು, ಅಮ್ಮನ ಮಾನ ಹೋಗಬಾರದೆಂದು ತನ್ನದನ್ನು ಕೊಟ್ಟಳು, ನನ್ನ ಕಡೆ ನೋಡದೆ ಇದ್ದದ್ದು ಅದಕ್ಕೇ, ನೋಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಹೊಲಿಗೆ ಇನ್ನೂ ಮಾಯದ ಹೊಟ್ಟೆ ಹಿಡಿದುಕೊಂಡು ಬಗ್ಗಿ ನನ್ನ ಕಳ್ಳತನ ಮುಚ್ಚಿದಳು, ನಾನು ಕೂತು ಕಾಫಿ ಕುಡಿದೆ. ನಾಚಿಕೆ ಎಂದರೆ ಮುಖಕ್ಕೆ ಬರುತ್ತದೆ ಅಂತಾರೆ, ಇದು ಕೈಗೆ ಬಂತು, ಆಟೋದವನ ಸೀಟಿನ ಬೆನ್ನು ತಟ್ಟಿದೆ. ಅಣ್ಣಾ, ವಂಡಿಯೆ ತಿರುಪ್ಪುಂಗೊ, ಪೋರೂರ್. ಎನ್ನಮ್ಮಾ, ಏದಾವದು ಮರಂದುಟ್ಟೀಂಗಳಾ, ಏನಾದರೂ ಮರೆತಿರಾ ಅಂದ ಅವನು, ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಾಡಿ ತಿರುಗಿಸಿದ.

ಏನಂತ ಹೇಳುವುದು, ತಮಿಳಿನಲ್ಲಿ ಕೌದಿಗೆ ಏನನ್ನುತ್ತಾರೆ, ಹೋಳಿಗೆಗೆ ಪೋಳಿ, ಇರುವೆಗೆ ಎರುಂಬು, ತಪ್ಪಿಗೆ ತಪ್ಪೇ, ಅದೊಂದು ಎರಡರಲ್ಲೂ ಒಂದೇ, ಸುಮ್ಮನೆ ಹೇಳಿಬಿಡಬೇಕು, ಮೊದಲು ಚಪ್ಪಲಿ ಬಿಟ್ಟು, ಅಲ್ಲ ಚಪ್ಪಲಿ ಬಿಡುವ ಮೊದಲೇ, ಕೂತರೆ ಮತ್ತೆ ಕಾಫಿ ಬರುತ್ತದೆ. ಬಾಗಿಲು ತೆಗೆದವರು ವಿಮಲಾ, ಕೈಯಲ್ಲಿ ಇರುವೆ ಪುಡಿಯ ಡಬ್ಬಿ, ಎನ್ನ ಆಚ್ಚು, ಏನಾಯ್ತು ಎಂದು ಗಾಬರಿಯಾದರು. ಅವರ ಹಿಂದೆ ಮಧುರಾ, ಭುಜದ ಮೇಲೆ ಕೂಸು ನಿದ್ದೆ ಹೋಗಿದೆ, ಕಿವಿಗೆ ಏನೋ ಬಿಳಿ ಮುಲಾಮು ಹಚ್ಚಿದ್ದಾರೆ. ಅವಳಿಗೆ ಚೀಲ ಕಂಡಿತು, ಚೀಲದ ಬಾಯಿಂದ ಹೊರಗಿಣುಕಿದ ಮೂಲೆ ಕಂಡಿತು, ನನ್ನ ಮುಖ ಕಂಡಿತು, ಅಮ್ಮಾ ವೇಂಡಾಂ ಎಂದಳು, ತುಟಿ ಮಾತ್ರ ಅಲುಗಿತು, ಬೇಡ. ಹತ್ತಿರ ಬಂದು ಚೀಲ ಇಸಿದುಕೊಳ್ಳುವವಳ ಹಾಗೆ ಕೈ ಹಾಕಿದಳು. ಎರುಂಬು ರಸ್ಕುಕ್ಕು ವರಲೆ ವಿಮಲಾ, ಅಂದೆ, ಇರುವೆ ರಸ್ಕಿಗೆ ಬಂದದ್ದಲ್ಲ, ಇದುಕ್ಕುಳ್ಳೆ ಪೋಳಿ ಇರುಕ್ಕು, ಇದರೊಳಗೆ ಹೋಳಿಗೆ ಇದೆ, ನಾನೇ ಇಟ್ಟು ಹೊಲಿದದ್ದು, ಬೆಳಿಗ್ಗೇನೇ ಗೊತ್ತಿತ್ತು ನನಗೆ, ಅವಳನ್ನು ಬೈದಾಗಲೂ ಸುಮ್ಮನಿದ್ದೆ, ಯಾವ ಮಾತು ಯಾವ ಭಾಷೆಯಲ್ಲಿ ಹೊರಗೆ ಬಂತೋ ಗೊತ್ತಿಲ್ಲ, ವಿಮಲಾಗೆ ತಿಳಿಯಿತು, ಪುಡಿಯ ಡಬ್ಬಿಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು, ನನ್ನನ್ನು ನೋಡಲಿಲ್ಲ, ಸೊಸೆಯ ಕಡೆ ನೋಡಿದರು, ನೀಯೇನ್ ಸೊಲ್ಲಲೆ ಅಂದರು, ನೀನ್ಯಾಕೆ ಹೇಳಲಿಲ್ಲ. ಮಧುರಾಳ ಒಂದು ಕೈ ಕೂಸಿನ ಬೆನ್ನ ಮೇಲೆ, ಇನ್ನೊಂದು ಚೀಲದಲ್ಲಿ, ಹೇಳಿಯಾಯಿತು, ಎಲ್ಲ ಹೇಳಿಯಾಯಿತು, ಮುಚ್ಚುವುದಕ್ಕೆ ಇನ್ನೇನೂ ಉಳಿದಿಲ್ಲ, ಹೆಬ್ಬಟ್ಟ ತಗಿ ಮಧೂ, ಹೆಬ್ಬಟ್ಟ ತಗಿಯವಾ — ತೆಗೆಯುತ್ತಿಲ್ಲ ಅವಳು, ಆ ಹೆಬ್ಬೆರಳು ನಾಲ್ಕನೆಯ ಮೂಲೆಯನ್ನು ಒಳಗೆ ತುರುಕಿ ಅದುಮುತ್ತಲೇ ಇದೆ, ಇನ್ನೂ ಅದುಮುತ್ತಲೇ ಇದೆ.