ತಪ್ಪು ಹೆಸರಿನ ಆಟ

ಟೀಚರಮ್ಮನಿಗೆ ಹೆಸರುಗಳು ಮರೆತುಹೋಗುತ್ತಿವೆ ಎಂಬುದು ಮೊದಲು ಗೊತ್ತಾದದ್ದು ಆಯಾಗೆ. ಮಗನಿಗಲ್ಲ, ಸೊಸೆಗಲ್ಲ, ಡಾಕ್ಟರಿಗಂತೂ ಅಲ್ಲ. ಶಿಶುವಿಹಾರದ ನೆಲವನ್ನೂ ಮಕ್ಕಳ ಮೂಗನ್ನೂ ಒರೆಸುವ ಆಯಾಗೆ.

ಬೇರೆಯವರಿಗೆ ಗೊತ್ತಾಗುವ ಹಾಗೆಯೂ ಇರಲಿಲ್ಲ. ಟೀಚರಮ್ಮನ ಪಾಠವೇ ಹಾಗಿತ್ತು. ಅವರು ಕಲಿಸುತ್ತಿದ್ದದ್ದು ಸಮುದ್ರ. ಹಳೆಯ ನೀಲಿ ಹೊದಿಕೆಯೊಂದನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಮಕ್ಕಳನ್ನು ನಿಲ್ಲಿಸಿದರೆ ಅಲೆ ಬಂತು. ಹರಿದ ಕಾಲುಚೀಲಗಳಿಗೆ ಹತ್ತಿ ತುಂಬಿ, ಗುಂಡಿಯ ಕಣ್ಣಿಟ್ಟು ಹೊಲಿದರೆ ಮೀನು ಬಂತು. ಏಡಿಯ ದಿನ ಹದಿನೆಂಟು ಮಕ್ಕಳೂ ಅಡ್ಡಡ್ಡ ನಡೆದು ಊಟಕ್ಕೆ ಹೋಗಬೇಕು. ಆಕ್ಟೋಪಸ್ಸಿನ ದಿನ ನಾಲ್ವರು ಬೆನ್ನಿಗೆ ಬೆನ್ನು ಹಚ್ಚಿ ಕೂತು ಎಂಟು ಕೈ ಆಡಿಸಬೇಕು. ಮೊದಲ ವಾರವೆಲ್ಲ ಸರಿಯಾದ ಹೆಸರು. ಎರಡನೇ ವಾರದಿಂದ ತಪ್ಪು ಹೆಸರಿನ ಆಟ. ಟೀಚರಮ್ಮ ತಿಮಿಂಗಿಲವನ್ನು ಎತ್ತಿ ಹಿಡಿದು, "ಇದು ಸೀಗಡಿ, ನಮ್ಮನೆ ಸಾಸಿವೆ ಡಬ್ಬೀಲಿ ಸಿಕ್ತು" ಅನ್ನುವರು. ಮಕ್ಕಳು ಸೂರು ಹಾರಿಹೋಗುವಂತೆ "ಅಲ್ಲಾ, ತಿಮಿಂಗಿಲ" ಎಂದು ಕೂಗುವರು. ಮೊದಲು ತಿದ್ದಿದವರಿಗೆ ಅಲೆ ಆಡಿಸುವ ಭಾಗ್ಯ. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ತಿದ್ದೋಕೆ ಬಂದ್ರೆ ಕಲಿತ ಹಾಗೆ, ಅಷ್ಟೇ ಪರೀಕ್ಷೆ ಎಂದು ಅವರು ಹೇಳುತ್ತಿದ್ದರು.

ಒಂದು ಮಧ್ಯಾಹ್ನ, ಮಕ್ಕಳು ಮಲಗಿದ್ದಾಗ, ಟೀಚರಮ್ಮ ಸಮುದ್ರಕುದುರೆಯನ್ನು ಕೈಯಲ್ಲಿ ಹಿಡಿದುಕೊಂಡು ಕೈ ತೊಳೆಯುವ ತೊಟ್ಟಿಯ ಹತ್ತಿರ ಬಂದರು. ಇದಕ್ಕೇನಂತಾರೆ ಕಣೇ ಎಂದು ಕೇಳಿದರು. ಆಯಾ ಲೋಟ ತೊಳೆಯುತ್ತಲೇ, ಆಟಕ್ಕೆ ಆಟವೆಂದು, "ಆನೆ ಅಲ್ವಾ ಅಕ್ಕ" ಅಂದಳು. ಟೀಚರಮ್ಮ ನಗಲಿಲ್ಲ. ಬಾಯಲ್ಲೇ ಎರಡು ಸಲ ಆನೆ, ಆನೆ ಎಂದುಕೊಂಡು ಒಳಗೆ ಹೋದರು. ಮಕ್ಕಳು ಎದ್ದ ಮೇಲೆ ಅದನ್ನೇ ಹೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಯಾ ಮಾತ್ರ ಒದ್ದೆ ಕೈಯಲ್ಲಿ ಬಾಗಿಲಿಗೆ ಒರಗಿ ನಿಂತುಬಿಟ್ಟಳು.

ಸಂಜೆ ಟೀಚರಮ್ಮನೇ ಬಾಯಿಬಿಟ್ಟರು. ಈ ಮಕ್ಕಳು ದೊಡ್ಡ ಸ್ಕೂಲಿಗೆ ಹೋಗುವವರೆಗೆ ಯಾರಿಗೂ ಹೇಳಬೇಡ, ಆಮೇಲೆ ನಾನೇ ಬಿಟ್ಟುಬಿಡುತ್ತೇನೆ ಎಂದರು.

"ಮನೇಲಿ ಬರೀ ವಯಸ್ಸಾಯ್ತು ಅಂದ್ಕೊಂಡಿದ್ದಾರೆ, ಸೊಸೆ ಒಲೆ ಹತ್ರ ಬಿಡಲ್ಲ. ಬಾಯಿ ತೆಗೆದ್ರೆ ಮಗ ತಿದ್ದುತಾನೆ, ಮುಖ ಗಂಟು ಹಾಕ್ಕೊಂಡು. ನನ್ನ ತಪ್ಪಿಗೆ ಚಪ್ಪಾಳೆ ಸಿಗೋದು ಇಲ್ಲೊಂದೇ ಕಡೆ ಕಣೇ."

ಆಯಾ ಒಪ್ಪಿಕೊಂಡಳು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಆ ವರ್ಷ ದೂಡಿದಳು. ಮಕ್ಕಳ ಬೆನ್ನ ಹಿಂದೆ ಪೊರಕೆ ಹಿಡಿದು ನಿಂತು, ಎರಡು ಬೆರಳು ಕತ್ತರಿ ಮಾಡಿ ಟೀಚರಮ್ಮನಿಗೆ ಏಡಿ ಎಂದು ತೋರುವಳು, ಕುತ್ತಿಗೆ ಒಳಗೆಳೆದು ಆಮೆಯಾಗುವಳು. ಒಮ್ಮೆ ನಕ್ಷತ್ರಮೀನಾಗಲು ಹೋಗಿ ಬಕೆಟ್ ಒದ್ದು, ಸಮುದ್ರಕ್ಕೆ ನಿಜವಾಗಿಯೂ ನೀರು ಬಂದಿತ್ತು. ಅಡುಗೆಯವಳು ನೋಡಿ, ಇವಳಿಗೆ ಈ ವಯಸ್ಸಿನಲ್ಲಿ ನಾಟಕದ ಹುಚ್ಚು ಹಿಡಿಯಿತು ಎಂದು ಊರೆಲ್ಲ ಸಾರಿದಳು. ಅಂದುಕೊಳ್ಳಲಿ ಬಿಡು ಎಂದು ಆಯಾ ನೆಲ ಒರೆಸಿದಳು. ಹೇಗೂ ಮಕ್ಕಳು ಹೆಸರುಗಳನ್ನು ಮೊದಲೇ ಕಲಿತಿದ್ದವು. ತಪ್ಪಿದಷ್ಟೂ ಅವಕ್ಕೆ ಕುಣಿತ.

ವರ್ಷ ಮುಗಿಯಿತು, ಮಕ್ಕಳು ಹೋದವು. ಟೀಚರಮ್ಮನಿಗೆ ತಾನು ಬಿಡುತ್ತೇನೆ ಎಂದದ್ದೂ ಮರೆತುಹೋಯಿತು.

ಹೊಸ ವರ್ಷ ಶುರುವಾದ ಹದಿನೈದು ದಿನ ಆಯಾ ಮಗಳ ಬಾಣಂತನಕ್ಕೆ ಹೋಗಿದ್ದಳು. ಬಂದು ನೋಡಿದರೆ ತರಗತಿ ತುಂಬ ಹೊಸ ಮುಖಗಳು, ನೀಲಿ ಹೊದಿಕೆಯ ಮೇಲೆ ಟೀಚರಮ್ಮ. ಈಗಲಾದರೂ ಶಿಶುವಿಹಾರ ನಡೆಸುವ ದೊಡ್ಡ ಮೇಡಂಗೆ ಹೇಳಬೇಕು ಎಂದು ಎರಡು ಸಲ ಆಫೀಸಿನ ಬಾಗಿಲವರೆಗೆ ಹೋದಳು. ಎರಡು ಸಲವೂ ಅಲ್ಲಿಯ ಕಾಲೊರಸು ಕೊಡವಿ ಹಿಂತಿರುಗಿದಳು. ಮೊದಲ ವಾರದ ಪಾಠ ಹೇಗೆ ನಡೆಯಿತು ಎಂದು ಕೇಳುವ ಬುದ್ಧಿ ಮಾತ್ರ ಅವಳಿಗೆ ಬರಲಿಲ್ಲ.

ಮರುದಿನವೇ ಹೆತ್ತವರನ್ನು ಕರೆದಿದ್ದರು, ಗೋಡೆಗುಂಟ ಕುರ್ಚಿ ಹಾಕಿದ್ದರು. ಅಮ್ಮಂದಿರು, ಒಬ್ಬಿಬ್ಬರು ತಾತಂದಿರು, ನಡುವೆ ದೊಡ್ಡ ಮೇಡಂ. ಈ ಆಟದ ಹೆಸರು ಕೇಳಿಯೇ ಮಕ್ಕಳನ್ನು ಇಲ್ಲಿಗೆ ಸೇರಿಸಿದವರೂ ಅವರಲ್ಲಿದ್ದರು. ಟೀಚರಮ್ಮ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಲಕ್ಷಣವಾಗಿದ್ದರು. ಆಕ್ಟೋಪಸ್ಸನ್ನು ಎತ್ತಿದರು. ಹಿಂದೆ ನಿಂತಿದ್ದ ಆಯಾ ಎರಡೂ ಕೈಯ ಬೆರಳುಗಳನ್ನು ಹಾವಿನಂತೆ ಆಡಿಸಿದಳು. ಟೀಚರಮ್ಮ ಅವಳನ್ನು ನೋಡಿ, ಹುಡುಗಾಟ ಮಾಡುವ ಮಗುವಿಗೆ ನಗುವಂತೆ ನಕ್ಕರು. ಆ ಸನ್ನೆಯೂ ಅವರಿಂದ ಜಾರಿಹೋಗಿತ್ತು.

"ಮಕ್ಕಳೇ, ಇದು ಏಡಿ."

ಹೆತ್ತವರು ತಿದ್ದುಪಡಿಗೆ ಕಾದರು.

"ಏಡಿ," ಎಂದು ಮಕ್ಕಳು ಒಂದೇ ಕೊರಳಲ್ಲಿ ಕೂಗಿದವು.

ಅಮ್ಮಂದಿರು ನಕ್ಕರು, ಇದೇನೋ ಹೊಸ ತಮಾಷೆ ಇರಬೇಕು ಎಂದು. ಟೀಚರಮ್ಮ ತಿಮಿಂಗಿಲವನ್ನು ಎತ್ತಿ ಕುದುರೆ ಅಂದರು. ಮಕ್ಕಳೂ ಕುದುರೆ ಅಂದವು. ಇಬ್ಬರು ಕೆನೆದೂ ತೋರಿಸಿದರು. ಆಮೆಯನ್ನು ಎತ್ತಿ, ಕೊಂಚ ತಡೆದು, "ಇದು... ಇದೂ ಏಡೀನೇ" ಅಂದಾಗ ನಗು ತೆಳುವಾಯಿತು. ನಾಲ್ಕನೆಯದಕ್ಕೆ ಯಾರೂ ನಗಲಿಲ್ಲ. ಮಕ್ಕಳು ಮಾತ್ರ ಪಾಠ ಒಪ್ಪಿಸಿದ ಹೆಮ್ಮೆಯಲ್ಲಿ ಅಮ್ಮಂದಿರ ಮುಖ ನೋಡುತ್ತಿದ್ದವು. ಸರಿಯಾದ ಹೆಸರನ್ನು ಅವಕ್ಕೆ ಯಾರೂ ಹೇಳಿಯೇ ಇರಲಿಲ್ಲ, ತಿದ್ದುವುದೇನನ್ನು?

ದೊಡ್ಡ ಮೇಡಂ ನೋಡಿದ್ದು ಟೀಚರಮ್ಮನನ್ನಲ್ಲ, ಆಯಾಳನ್ನು. ಆಫೀಸಿಗೆ ಕರೆದರು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಹೋದ ವರ್ಷದಿಂದ, ಮೇಡಂ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟೀಚರಮ್ಮನನ್ನು ಕೂರಿಸಿ, ನೀರು ಕೊಟ್ಟು, ಸೋಮವಾರದಿಂದ ಬರುವುದು ಬೇಡ ಎಂದು ಮೆಲ್ಲಗೆ ತಿಳಿಸಿದರು. ಟೀಚರಮ್ಮ ತಲೆ ಬಗ್ಗಿಸಿ ಕೇಳಿದರು. ಮಕ್ಕಳಿಗೆ ತೊಂದರೆಯಾಗಬಾರದು, ನೀವು ಮಾಡಿದ್ದು ಸರಿ ಎಂದರು. ಎಷ್ಟು ಘನತೆಯಿಂದ ಎದ್ದುಹೋದರೆಂದರೆ, ಒಂದು ದೊಡ್ಡ ಕಷ್ಟ ಕಳೆಯಿತು ಎಂದೇ ಎಲ್ಲರಿಗೂ ಅನ್ನಿಸಿತು.

ಸೋಮವಾರ ಎಂಟೂವರೆಗೆ ಅವರು ಗೇಟಿನ ಹೊರಗೆ ನಿಂತಿದ್ದರು. ಬೇಗ ತೆಗಿಯೇ, ಹೊತ್ತಾಯ್ತು ಎಂದರು. ಆಯಾ ಕಂಬಿ ಹಿಡಿದುಕೊಂಡು, ಮೇಡಂ ಹೇಳಿದ್ದನ್ನು ನೆನಪಿಸಿದಳು. ಟೀಚರಮ್ಮ, "ನನ್ನನ್ನಾ ಬಿಡಿಸಿದ್ದು? ನಂಗ್ಯಾರೂ ಒಂದು ಮಾತೂ ಹೇಳಲಿಲ್ವಲ್ಲ" ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದರು.

ಮಂಗಳವಾರವೂ ಬಂದರು. ಬುಧವಾರವೂ. ಸೊಸೆಗೆ ಹೇಳಿ ಕಳಿಸಿದ್ದಾಯಿತು. ಅವಳು ಕೆಲಸಕ್ಕೆ ಹೋಗುವವಳು, ಎಷ್ಟು ಹೊತ್ತು ಕಾದಾಳು? ಸಾವಿನ ಸುದ್ದಿಯನ್ನಾದರೂ ಒಬ್ಬರಿಗೆ ಒಂದೇ ಸಲ ಹೇಳುತ್ತಾರೆ. ಇದನ್ನು ಆಯಾ ದಿನವೂ ಹೊಸದಾಗಿ ಹೇಳಬೇಕಿತ್ತು, ಅವರು ದಿನವೂ ಹೊಸದಾಗಿ ಕೇಳಬೇಕಿತ್ತು.

ಶುಕ್ರವಾರ ಆಯಾ, "ಇವತ್ತು ರಜೆ ಅಕ್ಕ" ಎಂದುಬಿಟ್ಟಳು.

ಟೀಚರಮ್ಮನ ಮುಖ ಅರಳಿತು. ಹೊರಟವರು ನಾಲ್ಕು ಹೆಜ್ಜೆಗೆ ನಿಂತರು. ಒಳಗೆ ಹೊಸ ಟೀಚರ್ ಗೋಡೆಯ ಚಿತ್ರಪಟಕ್ಕೆ ಕೋಲು ಮುಟ್ಟಿಸಿ ಆಕ್ಟೋಪಸ್ ಎಂದು ಹೇಳಿಕೊಡುತ್ತಿದ್ದಳು. ಮಕ್ಕಳು ಏಡಿ, ಏಡಿ ಎಂದು ಹಟ ಹಿಡಿದು ಕೂಗುತ್ತಿದ್ದವು.

"ರಜೆ ಅಂದ್ಯಲ್ಲ, ಮತ್ತೆ ಒಳಗಿರೋರು ಯಾರ ಮಕ್ಕಳು?"

"ಬೇರೆಯವರ ಮಕ್ಕಳು, ಅಕ್ಕ."

"ಪಾಪ, ಅವಕ್ಕೆ ಸರಿಯಾಗಿ ಯಾರೂ ಹೇಳ್ಕೊಟ್ಟಿಲ್ಲ," ಎಂದರು ಟೀಚರಮ್ಮ. "ನಮ್ಮವು ನಾಳೆ ಬರ್ತವಲ್ಲ?"

"ಬರ್ತವೆ," ಎಂದು ಆಯಾ ಗೇಟಿನ ಚಿಲಕ ಹಾಕಿದಳು.